ರಂಪಣಿ ಓದು

೧೯೫೯ರ ಬೇಸಿಗೆಯ ಒಂದು ಮಧ್ಯಾಹ್ನ ದೇವದಾಸ್ ನಮ್ಮ ಭೌತಶಾಸ್ತ್ರ ಪ್ರಯೋಗಶಾಲೆಗೆ ಬಂದು, ತಕ್ಕಡಿಯ ಗಾಜಿನ ಪೆಟ್ಟಿಗೆಯ ಮೇಲೆ ಒಂದು ಕಾಗದ ಬಿಡಿಸಿಟ್ಟ. ದೆಹಲಿಯ ಲೋಕಸೇವಾ ಆಯೋಗ ಕಳಿಸಿದ ಅಂಕಪಟ್ಟಿ ಅದು.

"ನೀನೇ ಓದು ಮಾರಾಯ," ಅಂದ. "ನಾನು ದೋಣಿಯಲ್ಲಿ ಓದಿದೆ, ಬಸ್ಸಿನಲ್ಲಿ ಓದಿದೆ. ಎಲ್ಲಿ ಓದಿದ್ರೂ ಅಷ್ಟೇ ಉಂಟು."

ಬಲ್ಮಠದ ಹತ್ತಿರದ ಆ ಕಾಲೇಜಿನಲ್ಲಿ ನಾವಿಬ್ಬರೂ ಡೆಮಾನ್‌ಸ್ಟ್ರೇಟರುಗಳು. ದೇವದಾಸ್ ಬೆಂಗ್ರೆಯವನು. ಬಂದರಿನ ಎದುರು, ನದಿಗೂ ಸಮುದ್ರಕ್ಕೂ ನಡುವೆ ಚಾಚಿಕೊಂಡ ಮರಳಿನ ಪಟ್ಟಿ ಬೆಂಗ್ರೆ. ದಿನಾ ದೋಣಿಯಲ್ಲಿ ಹೊಳೆ ದಾಟಿ ಕೆಲಸಕ್ಕೆ ಬರುತ್ತಿದ್ದ. ತಾಯಿ ಅಪ್ಪಿ ಬುಟ್ಟಿ ಹೊತ್ತು ಬಲ್ಮಠದ ಮನೆಗಳಿಗೆ ಮೀನು ಕೊಡುತ್ತಿದ್ದರು. ಮನೆಯ ಯಜಮಾನಿಕೆ ಅವರ ಅಣ್ಣ ದೂಮಪ್ಪನವರದು. ಆ ಕೇರಿಯಲ್ಲಿ ಬಿ.ಎಸ್ಸಿ. ಮಾಡಿದ ಮೊದಲಿಗ ದೇವದಾಸ್. ಆದ್ದರಿಂದ ಪದವಿಯ ಮರುದಿನದಿಂದಲೇ ಎಲ್ಲರೂ ಅವನನ್ನು 'ಕಲೆಕ್ಟರ್' ಎಂದು ಕರೆಯತೊಡಗಿದ್ದರು. ಆಗಿದ್ದರೆ ಚೆನ್ನಾಗಿತ್ತು. ಆಗಲು ದಾರಿ ಐ.ಎ.ಎಸ್. ಪರೀಕ್ಷೆ; ಅದು ಆಗಲಿಲ್ಲವೆಂದು ಆ ಕಾಗದ ಹೇಳುತ್ತಿತ್ತು.

ಆ ಪರೀಕ್ಷೆಯ ರಚನೆಯನ್ನು ಇಲ್ಲಿ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದು ಅರ್ಥವಾಗದು. ಐ.ಎ.ಎಸ್., ವಿದೇಶಾಂಗ ಸೇವೆ, ಪೊಲೀಸ್, ಕಸ್ಟಮ್ಸ್, ಲೆಕ್ಕಪರಿಶೋಧನೆ, ಆದಾಯ ತೆರಿಗೆ, ಎಲ್ಲಕ್ಕೂ ಸೇರಿ ವರ್ಷಕ್ಕೆ ಒಂದೇ ಪರೀಕ್ಷೆ. ಮೂರು ಪತ್ರಿಕೆಗಳನ್ನು ಎಲ್ಲರೂ ಬರೆಯಲೇಬೇಕು: ಪ್ರಬಂಧ, ಸಾಮಾನ್ಯ ಇಂಗ್ಲಿಷ್, ಸಾಮಾನ್ಯ ಜ್ಞಾನ. ಒಂದೊಂದಕ್ಕೂ ನೂರೈವತ್ತು ಅಂಕ. ಅದರ ಮೇಲೆ ತಮಗೆ ಬೇಕಾದ ವಿಷಯಗಳನ್ನು ಆರಿಸಿಕೊಳ್ಳಬಹುದು, ಒಂದೊಂದಕ್ಕೂ ಇನ್ನೂರು. ಪೊಲೀಸ್ ಸೇವೆಗೆ ಎರಡು ವಿಷಯ ಸಾಕು, ಉಳಿದವಕ್ಕೆ ಮೂರು. ಐ.ಎ.ಎಸ್. ಮತ್ತು ವಿದೇಶಾಂಗ ಸೇವೆ ಬೇಕೆನ್ನುವವರು ಇವುಗಳ ಜೊತೆ ಇನ್ನೂ ಎರಡು ಕಠಿಣ ಪತ್ರಿಕೆ ಬರೆಯಬೇಕು. ಬರವಣಿಗೆಯಲ್ಲಿ ಮೇಲೆ ಬಂದವರಿಗೆ ದೆಹಲಿಯಲ್ಲಿ ಸಂದರ್ಶನ. ಎಲ್ಲ ಕೂಡಿಸಿ ಒಂದು ಸರದಿ ಪಟ್ಟಿ ಮಾಡುತ್ತಾರೆ. ಎಷ್ಟು ಹುದ್ದೆ ಉಂಟೋ ಮೇಲಿನಿಂದ ಅಷ್ಟು ಹೆಸರು. ಇಷ್ಟು ಅಂಕ ಬಂದರೆ ಪಾಸು ಎಂಬ ಮಾತೇ ಅಲ್ಲಿಲ್ಲ.

ಇನ್ನೊಂದು ನಿಯಮವಿತ್ತು. ಆ ಎರಡು ಕಠಿಣ ಪತ್ರಿಕೆಗಳನ್ನು, ಉಳಿದ ಪತ್ರಿಕೆಗಳಲ್ಲಿ ಒಂದು ಮಟ್ಟ ಮುಟ್ಟಿದವರದ್ದು ಮಾತ್ರ ತಿದ್ದುತ್ತಾರೆ.

ದೇವದಾಸನ ಪಟ್ಟಿಯಲ್ಲಿ ಶುದ್ಧ ಗಣಿತ ನೂರನಲವತ್ತೆಂಟು, ಅನ್ವಯ ಗಣಿತ ನೂರಮೂವತ್ತೊಂಬತ್ತು. ಭೌತಶಾಸ್ತ್ರವೂ ಚೆನ್ನಾಗಿತ್ತು. ಸಾಮಾನ್ಯ ಜ್ಞಾನ ಐವತ್ತೆರಡು. ಪ್ರಬಂಧ ನಲವತ್ತೊಂದು. ಇಂಗ್ಲಿಷೂ ಅಷ್ಟಕ್ಕಷ್ಟೇ. ಕಠಿಣ ಗಣಿತದ ಎರಡೂ ಸಾಲುಗಳು ಖಾಲಿ.

"ಅದರಲ್ಲಿ ಒಂದು ಪ್ರಮೇಯ ಎಷ್ಟು ಚಂದ ಬಿಡಿಸಿದ್ದೆ ಗೊತ್ತುಂಟಾ?" ಅಂದ. "ಅದರ ಮುಖವೇ ನೋಡ್ಲಿಲ್ಲ ಅವರು."

ನಾನು ಗ್ರಾಫ್ ಹಾಳೆಯಲ್ಲಿ ಅವನ ಅಂಕಗಳಿಗೆ ಕಂಬಗಳನ್ನು ಎಳೆದೆ. ಅವನದೇ ವಿಷಯಗಳ ಮೂರು ಕಂಬ ಎತ್ತರಕ್ಕೆ ನಿಂತಿದ್ದವು. ಎಲ್ಲರೂ ಬರೆಯುವ ಪತ್ರಿಕೆಗಳ ಮೂರು ಕಂಬ ಕುಳಿತುಬಿಟ್ಟಿದ್ದವು. ಅವನು ಸೋತದ್ದು ಕಷ್ಟದ ಕಡೆಯಲ್ಲಲ್ಲ.

ವಯಸ್ಸಿನ ಮಾತು ಬೇರೆ. ಆಗಸ್ಟ್ ಒಂದನೆಯ ತಾರೀಕಿಗೆ ಇಪ್ಪತ್ತನಾಲ್ಕು ತುಂಬಿರಬಾರದು. ಅವನು ಅಕ್ಟೋಬರಿನಲ್ಲಿ ಹುಟ್ಟಿದವನು. ಈ ವರ್ಷ ಬರೆಯಬಹುದು, ಮುಂದಿನ ವರ್ಷ ಇಲ್ಲ. ನನಗೆ ಆಗಲೇ ವಯಸ್ಸು ಮೀರಿತ್ತು; ಅವನಿಗೆ ಒಂದು ಅವಕಾಶ ಉಳಿದಿತ್ತು. ಅದೊಂದೇ.

ಆ ಭಾನುವಾರ ಅವನ ಜೊತೆ ಬೆಂಗ್ರೆಗೆ ಹೋದೆ. ಮೀನಿನ ಹಂಗಾಮು ಮುಗಿದಿತ್ತು. ದೂಮಪ್ಪನವರು ನಾಲ್ಕಾರು ಜನರ ಜೊತೆ ಮರಳಿನ ಮೇಲೆ ಕುಳಿತು ರಂಪಣಿಯ ಹೊಲಿಗೆ ಬಿಚ್ಚುತ್ತಿದ್ದರು. ದಡದಿಂದ ಎಳೆಯುವ ಬಹಳ ಉದ್ದದ ಬಲೆ ರಂಪಣಿ. ಅದು ಒಬ್ಬರ ಸ್ವತ್ತಲ್ಲ. ಒಂದೊಂದು ಮನೆಯವರು ಒಂದೊಂದು ತುಂಡು ಹೆಣೆದು ತರುತ್ತಾರೆ. ಮಳೆಗಾಲ ಕಳೆದ ಮೇಲೆ ತುಂಡುಗಳನ್ನೆಲ್ಲ ಸೇರಿಸಿ ಹೊಲಿದು ಕಡಲಿಗೆ ಇಳಿಸುತ್ತಾರೆ, ನೂರಾರು ಕೈಗಳು ಎರಡು ಕಡೆಯಿಂದ ಹಗ್ಗ ಎಳೆಯುತ್ತವೆ. ಮೀನು ಯಾರ ತುಂಡಿಗೆ ಬಿತ್ತೆಂದು ಯಾರೂ ಕೇಳುವುದಿಲ್ಲ. ತುಂಡು ಕೊಟ್ಟವರಿಗೆಲ್ಲ ಪಾಲು ಉಂಟು.

"ಎಂತ ಕಲೆಕ್ಟರೇ, ದೆಹಲಿಯವರು ಎಂತ ಹೇಳಿದ್ರು?" ಅಂತ ದೂಮಪ್ಪನವರು ತಲೆ ಎತ್ತದೆ ಕೇಳಿದರು.

"ಆಗ್ಲಿಲ್ಲ ಮಾಮ. ನಾನು ಆಫರ್ ಮಾಡಿದ ವಿಷಯದಲ್ಲಿ ಎರಡನ್ನು ಅವರು ತೆಗೆದೇ ನೋಡ್ಲಿಲ್ಲ."

"ಆಫರ್ ಅಂದ್ರೆ ಎಂತದು?"

"ಅರ್ಪಿಸುವುದು. ಪರೀಕ್ಷೆಯವರ ಭಾಷೆ ಹಾಗೆ. ಇಂತಿಂಥ ವಿಷಯ ನಾನು ಅರ್ಪಿಸ್ತೇನೆ ಅಂತ ಬರೆದು ಕೊಡ್ಬೇಕು."

"ದೈವಕ್ಕೆ ಕೋಳಿ ಕೊಟ್ಟ ಹಾಗೆ." ದೂಮಪ್ಪನವರು ಈಗ ತಲೆ ಎತ್ತಿದರು. "ನೀನು ಎಷ್ಟು ಕೊಟ್ಟೆ?"

"ಐದು."

"ದೈವ ಎಷ್ಟು ಮುಟ್ಟಿತು?"

"ಮೂರು."

"ಹಾಗಾದ್ರೆ ಈ ಸಲ ಮೂರೇ ಕೊಡು. ಉಳಿದ ಎರಡನ್ನು ಸಾಕಿದ ಖರ್ಚಾದ್ರೂ ಉಳೀತದೆ."

ಸುತ್ತ ಇದ್ದವರು ನಕ್ಕರು. ದೇವದಾಸ್ ನಗಲಿಲ್ಲ. ಮೂರೇ ವಿಷಯ ಕೊಟ್ಟರೆ ಐ.ಎ.ಎಸ್. ಹೋಯಿತು, ಕಲೆಕ್ಟರ್ ಹೋದ. ಕೇಂದ್ರ ಸೇವೆಗಳು ಮಾತ್ರ ಉಳಿಯುತ್ತವೆ. ಅದನ್ನು ಅವನು ಅಲ್ಲೇ, ಎಲ್ಲರ ಮುಂದೆ ಹೇಳಿದ. ದೂಮಪ್ಪನವರು ಇನ್ನೊಂದು ಹೊಲಿಗೆ ಕತ್ತರಿಸಿದರು.

"ಒಬ್ಬನೇ ಓದಿದ್ದಾ?" ಅಂತ ದೂಮಪ್ಪನವರು ಕೇಳಿದರು.

"ಪರೀಕ್ಷೆ ಒಬ್ಬನೇ ಅಲ್ವಾ ಬರೆಯುವುದು."

"ಬರೆಯುವುದು ಒಬ್ಬನೇ. ಓದುವುದೂ ಒಬ್ಬನೇ ಅಂತ ಯಾರು ಹೇಳಿದ್ದು? ಒಬ್ಬನ ಮನೆಯ ಬಲೆ ಈ ಮರಳಿನಿಂದ ಆ ಕಲ್ಲಿನವರೆಗೆ ಬರ್ತದೆ, ಅಷ್ಟೇ. ಅದರಲ್ಲಿ ಎಂತ ಸಿಗ್ತದೆ, ಏಡಿ."

ನನ್ನನ್ನು ಬಿಡಲು ದೇವದಾಸ್ ದೋಣಿಯಲ್ಲಿ ಈಚೆ ದಡದವರೆಗೆ ಬಂದ. ಬಂದರಿನ ಮೆಟ್ಟಿಲಲ್ಲಿ ಇಳಿದವನು ತಟ್ಟನೆ ನಿಂತು, "ನನ್ನಲ್ಲಿ ಗಣಿತದ ತುಂಡು ಉಂಟು. ವಿಜ್ಞಾನದ್ದು ನಿನ್ನದು. ಚರಿತ್ರೆಯ ತುಂಡು ಯಾರ ಹತ್ರ ಉಂಟು?" ಅಂದ.

ಚರಿತ್ರೆಯ ತುಂಡು ಜಮಾಲುದ್ದೀನ್ ಹತ್ತಿರವಿತ್ತು. ಅವನು ಬಿ.ಎ. ಮುಗಿಸಿದ್ದ, ಕಾಲೇಜಿನ ಚರ್ಚಾಕೂಟದಲ್ಲಿ ದೇವದಾಸನನ್ನು ಎರಡು ಸಲ ಸೋಲಿಸಿದ್ದ. ಅವನೂ ಆ ವರ್ಷ ಮೊದಲ ಸಲ ಇದೇ ಪರೀಕ್ಷೆಗೆ ಕೂರುವವನಿದ್ದ. ಅವನ ತಂದೆ ಮೊಯ್ದೀನಬ್ಬನವರಿಗೆ ಫಳ್ನೀರಿನಲ್ಲಿ ಶುಂಠಿ, ಮೆಣಸು, ಬೆಲ್ಲದ ಅಂಗಡಿ. ಅಂಗಡಿಯ ಮಹಡಿಯ ಮೇಲೆ, ಒಣಶುಂಠಿ ಮೂಟೆಗಳ ನಡುವೆ, ನಮಗೆ ಒಂದು ಮೇಜು ಸಿಕ್ಕಿತು. ಮೊದಲ ದಿನ ಮೂವರೂ ಒಟ್ಟಿಗೆ ಸೀನಿದೆವು.

ಮಾವ ಹೇಳಿದಂತೆ ದೇವದಾಸ್ ಈ ಸಲ ಮೂರೇ ವಿಷಯ ಕೊಟ್ಟಿದ್ದ. ಇಬ್ಬರ ಐಚ್ಛಿಕ ವಿಷಯಗಳು ಬೇರೆ ಬೇರೆ, ಅವನ್ನು ಅವರವರೇ ಓದಬೇಕು. ಆದರೆ ನಾನೂರೈವತ್ತು ಅಂಕದ ಮೂರು ಪತ್ರಿಕೆಗಳು ಇಬ್ಬರಿಗೂ ಒಂದೇ. ಅವನ್ನು ನಾವು ತುಂಡು ಮಾಡಿದೆವು. ಚರಿತ್ರೆ, ಸಂವಿಧಾನ ಜಮಾಲುದ್ದೀನ್‌ಗೆ. ಭೂಗೋಳ, ಪಂಚವಾರ್ಷಿಕ ಯೋಜನೆ, ಅಂಕಿಅಂಶ ದೇವದಾಸನಿಗೆ. ವಿಜ್ಞಾನ ಮತ್ತು ಪತ್ರಿಕೆಯ ಸುದ್ದಿ ನನಗೆ. ದಿನಾ ಸಂಜೆ ಒಬ್ಬೊಬ್ಬರು ತಮ್ಮ ತುಂಡು ಬಿಚ್ಚಿ ಹೇಳಬೇಕು, ಉಳಿದವರು ಪ್ರಶ್ನೆ ಹಾಕಿ ಹರಿಯಲು ನೋಡಬೇಕು. ಹರಿದರೆ ಮರುದಿನ ಹೊಲಿದು ತರಬೇಕು. ಇದಕ್ಕೆ 'ರಂಪಣಿ ಓದು' ಎಂದು ಹೆಸರಿಟ್ಟದ್ದು ಜಮಾಲುದ್ದೀನ್.

ಮೊಯ್ದೀನಬ್ಬನವರಿಗೆ ಇದು ತಲೆಗೆ ಹೋಗಲಿಲ್ಲ. ಒಂದು ಸಂಜೆ ಮಹಡಿ ಹತ್ತಿ ಬಂದು ಮೂಟೆಯ ಮೇಲೆ ಕುಳಿತರು.

"ನನಗೊಂದು ಹೇಳಿ. ಹುದ್ದೆ ಎಷ್ಟು ಉಂಟೋ ಅಷ್ಟೇ ಜನ ಅಲ್ವಾ? ಹಾಗಾದ್ರೆ ನೀವಿಬ್ಬರೂ ಒಂದೇ ಬೀದಿಯ ಎರಡು ಅಂಗಡಿ. ಮಾಲು ಎಲ್ಲಿಂದ ತಂದೆ ಅಂತ ಯಾವ ಅಂಗಡಿಯವನು ಪಕ್ಕದವನಿಗೆ ಹೇಳ್ತಾನೆ?"

"ಉಪ್ಪ, ಆ ಬೀದಿಯಲ್ಲಿ ಸಾವಿರಗಟ್ಟಲೆ ಅಂಗಡಿ ಉಂಟು," ಎಂದ ಜಮಾಲುದ್ದೀನ್. "ನಾವಿಬ್ಬರು ಬಾಗಿಲು ಹಾಕಿಕೊಂಡ್ರೆ ಅಲಹಾಬಾದಿನವನಿಗೆ ವ್ಯಾಪಾರ."

"ಅದು ಸರಿ," ಅಂದರು ಮೊಯ್ದೀನಬ್ಬನವರು. ಸ್ವಲ್ಪ ಯೋಚಿಸಿ, "ಆದ್ರೂ ಸರಿ ಇಲ್ಲ," ಎಂದು ಕೆಳಗಿಳಿದು ಹೋದರು. ಹೋದವರು ಚಹಾ ಕಳಿಸಿದರು.

ಪ್ರಬಂಧದ ತುಂಡು ನಮ್ಮ ಮೂವರಲ್ಲಿ ಯಾರ ಬಳಿಯೂ ಇರಲಿಲ್ಲ. ಅದಕ್ಕೆ ರೊಸಾಲಿನ್ ಟೀಚರ್ ಸಿಕ್ಕಿದರು. ಪಕ್ಕದ ಓಣಿಯಲ್ಲೇ ಮನೆ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ. ದೇವದಾಸ್ ಬರೆದ ಮೊದಲ ಪ್ರಬಂಧವನ್ನು ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು.

"ದೇವದಾಸ್, ಇದು ಪ್ರಬಂಧವಾ, ರೇಖಾಗಣಿತವಾ? ಎಲ್ಲ ಪ್ಯಾರಾದ ತಲೆಯಲ್ಲೂ 'ದೇರ್‌ಫೋರ್' ಉಂಟು."

"ಹಿಂದಿನ ಪ್ಯಾರಾದಿಂದ ಮುಂದಿನದು ಬರಬೇಕಲ್ಲ ಟೀಚರ್."

"ಬರಲಿ. ಬಾಗಿಲು ಬಡೀದೆ ಬರಲಿ."

ಆ ವರ್ಷ ಎಲ್ಲಿ ನೋಡಿದರೂ ಸಹಕಾರಿ ಬೇಸಾಯದ ಮಾತು. ಪ್ರಬಂಧಕ್ಕೆ ಇದೇ ಬರುತ್ತದೆಂದು ನಾವು ಊಹಿಸಿದೆವು. ಜಮಾಲುದ್ದೀನ್ ಅದರ ಚರಿತ್ರೆ ಬರೆದ, ದೇವದಾಸ್ ಅಂಕಿಅಂಶ ಬರೆದ, ಗೊಬ್ಬರ, ಬಿತ್ತನೆಯ ವಿಜ್ಞಾನ ನಾನು ಬರೆದೆ. ರೊಸಾಲಿನ್ ಟೀಚರ್ ಮೂರನ್ನೂ ಒಂದು ಮಾಡಿ, ನಡುವಿನ ಹೊಲಿಗೆ ಕಾಣದ ಹಾಗೆ ತಿದ್ದಿ, ಕೊನೆಗೆ ಎರಡು ಸಾಲು ತಮ್ಮದೇ ಸೇರಿಸಿದರು. ಅಷ್ಟು ಒಳ್ಳೆಯ ಪ್ರಬಂಧವನ್ನು ನಾನು ಅಲ್ಲಿಯವರೆಗೆ ಓದಿರಲಿಲ್ಲ. ಇಬ್ಬರೂ ಅದನ್ನು ಬಾಯಿಪಾಠ ಮಾಡಿದರು. ಒಬ್ಬ ಒಂದು ವಾಕ್ಯ, ಇನ್ನೊಬ್ಬ ಮುಂದಿನದು, ಹೀಗೆ ಹೇಳಿಕೊಂಡು ಫಳ್ನೀರಿನಿಂದ ಬಂದರಿನವರೆಗೆ ನಡೆಯುತ್ತಿದ್ದರು. ದಾರಿಯವರು ಇದು ಯಾವುದೋ ಹೊಸ ಪ್ರಾರ್ಥನೆ ಅಂದುಕೊಂಡಿರಬೇಕು.

ಅದರಲ್ಲಿ ಒಂದು ತಪ್ಪು ಇತ್ತು. ನಾಲ್ಕು ಜನ ಓದಿದವರಿಗೆ ಅದು ಕಾಣಲಿಲ್ಲ.

ಸೆಪ್ಟೆಂಬರಿನಲ್ಲಿ ಇಬ್ಬರೂ ಮದ್ರಾಸಿಗೆ ಹೊರಟರು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷವಾಗಿದ್ದರೂ ನೇರ ರೈಲು ಇದ್ದದ್ದು ಮದ್ರಾಸಿಗೇ. ಅಲ್ಲಿ ಮಣ್ಣಡಿಯಲ್ಲಿ ಮೊಯ್ದೀನಬ್ಬನವರ ಸಂಬಂಧಿಕರ ಅಂಗಡಿಯೂ ಇತ್ತು. ನಿಲ್ದಾಣಕ್ಕೆ ನಾವೆಲ್ಲ ಹೋಗಿದ್ದೆವು. ಅಪ್ಪಿಯಮ್ಮ ಬಾಳೆಲೆಯಲ್ಲಿ ಕಟ್ಟಿದ ಒಣಮೀನಿನ ಚಟ್ನಿ ತಂದಿದ್ದರು. ಕಿಟಕಿಯ ಹತ್ತಿರ ಹುಡುಗರು ಕೊನೆಯ ಸಲ ಪ್ರಬಂಧ ಒಪ್ಪಿಸುವುದನ್ನು ಮೊಯ್ದೀನಬ್ಬನವರು ಕೇಳುತ್ತ ನಿಂತಿದ್ದರು. ಅವರಿಗೆ ಇಂಗ್ಲಿಷ್ ಬಾರದು. ಆದರೆ ಇಬ್ಬರ ಬಾಯಲ್ಲೂ ಒಂದೇ ಸದ್ದು ಬರುವುದು ಕೇಳುತ್ತಿತ್ತು.

"ಇಬ್ಬರೂ ಒಂದೇ ಮಾಲು ಹೊತ್ತುಕೊಂಡು ಹೋಗ್ತಾ ಇದ್ದೀರಿ," ಎಂದರು. "ಅಲ್ಲಿ ತೂಗಿ ನೋಡುವವನೂ ಒಬ್ಬನೇ ಆದ್ರೆ?"

ರೈಲು ಹೊರಟಿತು.

ಮುಂದಿನದನ್ನು ದೇವದಾಸ್ ನನಗೆ ಎಷ್ಟೋ ಸಲ ಹೇಳಿದ್ದಾನೆ. ಪ್ರತಿ ಸಲವೂ ಅವನ ಮಾತಿನ ವೇಗ ಹೆಚ್ಚುತ್ತಿತ್ತು. ಮರೀನಾದ ಹತ್ತಿರ ಒಂದು ದೊಡ್ಡ ಸಭಾಂಗಣ. ಮೊದಲ ದಿನವೇ ಪ್ರಬಂಧ, ಮೂರು ಗಂಟೆಯ ಕಾಲ. ಪ್ರಶ್ನೆಪತ್ರಿಕೆಯಲ್ಲಿ ನಾಲ್ಕೈದು ವಿಷಯ, ಒಂದನ್ನು ಆರಿಸಿ ಬರೆಯಬೇಕು. ಅದನ್ನು ತಿರುಗಿಸಿದವನಿಗೆ ಎರಡನೆಯ ಸಾಲಿನಲ್ಲಿ ಸಹಕಾರಿ ಬೇಸಾಯ ಕಂಡಿತು.

ಪೆನ್ನಿನ ಮುಚ್ಚಳ ತೆಗೆದ. ಮೊದಲ ವಾಕ್ಯ ತಾನಾಗಿಯೇ ಬೆರಳಿಗೆ ಬಂತು. ಅಷ್ಟರಲ್ಲಿ ಎರಡು ಸಾಲು ಮುಂದೆ ಜಮಾಲುದ್ದೀನ್‌ನ ಬೆನ್ನು ಕಾಣಿಸಿತು, ಮೊಯ್ದೀನಬ್ಬನವರು ನಿಲ್ದಾಣದಲ್ಲಿ ಹೇಳಿದ್ದು ಈಗ ಅರ್ಥವಾಯಿತು. ಒಂದೇ ಕೇಂದ್ರ, ಉತ್ತರಪತ್ರಿಕೆಗಳದ್ದೂ ಒಂದೇ ಕಟ್ಟು. ಒಬ್ಬನೇ ಪರೀಕ್ಷಕ ಎರಡನ್ನೂ ಓದುವ ಸಂಭವ ಉಂಟು. ಅಕ್ಷರಕ್ಕೆ ಅಕ್ಷರ ಒಂದೇ ಆದ ಎರಡು ಪ್ರಬಂಧ ಕಂಡರೆ ಅವನು ಇವರು ಒಟ್ಟಿಗೆ ಓದಿದರೆಂದು ತಿಳಿಯುವುದಿಲ್ಲ. ಒಬ್ಬರದ್ದನ್ನೊಬ್ಬರು ನಕಲು ಮಾಡಿದರೆಂದೇ ತಿಳಿಯುತ್ತಾನೆ. ಇಬ್ಬರೂ ಹೊರಗೆ. ಜಮಾಲುದ್ದೀನ್‌ಗೂ ಕಳಂಕ, ದೇವದಾಸನಿಗೆ ಮುಂದಿನ ವರ್ಷವೇ ಇಲ್ಲ.

ಬಲೆ ಎಳೆಯುವಾಗ ಎಲ್ಲರ ಕೈಯೂ ಒಂದೇ ಹಗ್ಗದ ಮೇಲೆ ಇರಬೇಕು. ಅದೇ ಅಭ್ಯಾಸದಲ್ಲಿ ಇವರು ಪರೀಕ್ಷೆಯ ಕೊಠಡಿಯೊಳಗೂ ಒಂದೇ ಹಗ್ಗ ತಂದಿದ್ದರು.

ಮಾತಾಡುವಂತಿಲ್ಲ. ಸನ್ನೆ ಮಾಡುವಂತಿಲ್ಲ, ಮಾಡುವವನೂ ಅಲ್ಲ. ಜಮಾಲುದ್ದೀನ್ ಬರೆಯತೊಡಗಿದ್ದ; ಅವನ ಬಲ ಭುಜ ಅಲ್ಲಾಡುತ್ತಿತ್ತು. ಅವನು ಆ ಪ್ರಬಂಧವನ್ನೇ ಬರೆಯುತ್ತಿದ್ದಾನೆಂದು ಇಟ್ಟುಕೊಂಡರೆ ತಾನು ಅದನ್ನು ಬರೆಯಬಾರದು. ಬರೆಯುತ್ತಿಲ್ಲವೆಂದು ತಿಳಿಯಲು ದಾರಿಯಿಲ್ಲ. ಆದ್ದರಿಂದ ಬಿಡುವುದೊಂದೇ ದಾರಿ. ಬಾಯಿಪಾಠವಾಗಿ ಸಿದ್ಧವಿದ್ದ, ರೊಸಾಲಿನ್ ಟೀಚರ್ ತಿದ್ದಿದ ಪ್ರಬಂಧವನ್ನು, ಕೊನೆಯ ಅವಕಾಶದ ದಿನ, ಅವನು ಬಿಟ್ಟ.

ಉಳಿದ ವಿಷಯಗಳಲ್ಲಿ ಒಂದು ಪರಮಾಣು ಯುಗದ ಶಾಂತಿ, ಇನ್ನೊಂದು ಬಿಡುವಿನ ಸದುಪಯೋಗ. ಎರಡರಲ್ಲೂ ಅವನಿಗೆ ಒಂದು ಪುಟಕ್ಕಿಂತ ಹೆಚ್ಚು ಹೇಳಲಿಕ್ಕಿರಲಿಲ್ಲ. ಕಿಟಕಿಯಿಂದ ಸಮುದ್ರದ ಗಾಳಿ ಬರುತ್ತಿತ್ತು. ಆಗ ಮತ್ತೆ ಎರಡನೆಯ ಸಾಲನ್ನೇ ನೋಡಿದ. ವಿಷಯ ಇಬ್ಬರದ್ದೂ ಒಂದೇ ಆಗಬಹುದು, ಪ್ರಬಂಧ ಒಂದೇ ಆಗಬಾರದು, ಅಷ್ಟೇ ಅಲ್ಲವೇ? ಹೊಲದ ಬಗ್ಗೆ ಇರುವ ವಿಷಯಕ್ಕೆ ಅವನು ಕಡಲಿನಿಂದ ಹೊರಟ.

ರಂಪಣಿ ಎಂದರೇನು ಎಂದು ಬರೆದ. ತುಂಡುಗಳು ಹೇಗೆ ಸೇರುತ್ತವೆ, ಎಳೆಯಲು ಗಂಡಸರಿಲ್ಲದ ಮನೆಯ ವಿಧವೆಗೂ ಅವಳ ತುಂಡಿಗೆ ಪಾಲು ಹೇಗೆ ಹೋಗುತ್ತದೆ, ಜಗಳ ಬಂದರೆ ಯಾರು ತೀರಿಸುತ್ತಾರೆ, ಎಲ್ಲ ಬರೆದ. ಆಮೇಲೆ ಒಂದು ಪ್ರಶ್ನೆ ಹಾಕಿದ: ಕಡಲಲ್ಲಿ ಇಷ್ಟು ಸಲೀಸಾಗಿ ಆಗುವುದು ಗದ್ದೆಯಲ್ಲಿ ಯಾಕೆ ಆಗುವುದಿಲ್ಲ? ಬಲೆ ಬೀಳುವ ಮೊದಲು ಕಡಲಿನ ಆ ಭಾಗ ಯಾರದ್ದೂ ಅಲ್ಲ. ಗದ್ದೆ ಹಾಗಲ್ಲ, ಬಿತ್ತುವ ಮೊದಲೇ ಅದಕ್ಕೆ ಬದು ಉಂಟು, 'ನನ್ನದು' ಎನ್ನುವ ಅಜ್ಜನ ಕಾಲದ ಮಾತು ಉಂಟು. ಬದು ಅಳಿಸಿ ಸಹಕಾರ ಮಾಡಲು ಹೋದರೆ ಅದು ಕಷ್ಟ. ಬಾವಿ, ಗೊಬ್ಬರ, ಮಾರಾಟ, ಯಾವುದಕ್ಕೆ ಬದು ಇಲ್ಲವೋ ಅಲ್ಲಿಂದ ಆರಂಭಿಸಬೇಕು. ನಾವು ನಾಲ್ವರು ಸೇರಿ ಬರೆದ ಪ್ರಬಂಧ ಸಹಕಾರಿ ಬೇಸಾಯವನ್ನು ಹೊಗಳಿ ಮುಗಿಯುತ್ತಿತ್ತು. ಇದು ಅದನ್ನು ಅರ್ಧ ಒಪ್ಪಿ ಅರ್ಧ ಒಪ್ಪದೆ ಮುಗಿಯಿತು. ಗಂಟೆ ಬಾರಿಸಿದಾಗ ಅವನು ಇನ್ನೂ ಬರೆಯುತ್ತಿದ್ದ.

ಹೊರಗೆ ಮೆಟ್ಟಿಲಲ್ಲಿ ಜಮಾಲುದ್ದೀನ್ ಕಾಯುತ್ತಿದ್ದ. ಮುಖದಲ್ಲಿ ಬೆವರು.

"ಬರೆದೆಯಾ? ಪೂರ್ತಿ ನೆನಪಿತ್ತಾ?"

"ಎಂತದ್ದು?" ಅಂದ ದೇವದಾಸ್. "ಅದನ್ನು ನೀನು ಬರೆದದ್ದು ಅಲ್ವಾ?"

"ನಾನಾ? ನಾನು ಬಿಡುವಿನ ಸದುಪಯೋಗ ಬರೆದೆ. ನಿನ್ನದು ಕೊನೆಯ ವರ್ಷ, ನೀನು ಬರೀಲಿ ಅಂತ ಬಿಟ್ಟದ್ದು ಮಾರಾಯ. ಇಬ್ಬರೂ ಬರೆದ್ರೆ ಇಬ್ಬರನ್ನೂ ಹಿಡೀತಿದ್ರು."

"ನಾನು ರಂಪಣಿ ಬಗ್ಗೆ ಬರೆದೆ."

"ಹಾಗಾದ್ರೆ ಅದನ್ನು ಯಾರು ಬರೆದದ್ದು?"

"ಯಾರೂ ಇಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನಗು ಬಂದು ಮೆಟ್ಟಿಲಲ್ಲೇ ಕುಳಿತುಬಿಟ್ಟರು. ಇತರ ಅಭ್ಯರ್ಥಿಗಳು ಇವರನ್ನು ಸುತ್ತಿ ದಾಟಿ ಹೋದರು.

"ನೀನು ಅಂಗಡಿಯವನ ಮಗ, ಬಿಡುವಿನ ಬಗ್ಗೆ ಎಂತ ಬರೆದೆ?" ಅಂತ ದೇವದಾಸ್ ಕೇಳಿದ.

"ನಮ್ಮಲ್ಲಿ ಇಲ್ಲದ್ದರ ಬಗ್ಗೆ ಎಷ್ಟು ಬೇಕಾದ್ರೂ ಬರೀಬಹುದು."

ಊರಿಗೆ ಬಂದು ಹೇಳಿದಾಗ ರೊಸಾಲಿನ್ ಟೀಚರ್ ಕನ್ನಡಕ ತೆಗೆದು ಒರೆಸಿದರು. "ಹೋಗಲಿ," ಅಂದರು. "ನನ್ನ ಹತ್ತನೆಯ ಕ್ಲಾಸಿಗೆ ಡಿಕ್ಟೇಷನ್ ಕೊಡ್ಲಿಕ್ಕೆ ಆಗ್ತದೆ."

ಸಂದರ್ಶನಕ್ಕೆ ಕರೆದವರ ನೋಂದಣಿ ಸಂಖ್ಯೆಗಳು ಮರುವರ್ಷದ ಆರಂಭದಲ್ಲಿ ಪತ್ರಿಕೆಯಲ್ಲಿ ಬಂದವು. ದೇವದಾಸನ ಸಂಖ್ಯೆ ಇತ್ತು. ಜಮಾಲುದ್ದೀನ್‌ನದು ಇರಲಿಲ್ಲ. ಅದನ್ನು ಮೊದಲು ನೋಡಿದ್ದೂ ಅವನೇ, ಪತ್ರಿಕೆಯನ್ನು ಎರಡು ಕೈಯಲ್ಲಿ ಹಿಡಿದು ಪ್ರಯೋಗಶಾಲೆಗೆ ತಂದದ್ದೂ ಅವನೇ.

"ಬ್ರಿಟಿಷ್ ಚರಿತ್ರೆ ಕೈ ಕೊಟ್ಟಿರಬೇಕು," ಎಂದ. "ನಮ್ಮನ್ನು ಆಳಿದ್ದು ಸಾಲದು, ಈಗ ಹೀಗೆ. ನೀನು ಇವತ್ತಿನಿಂದ ಸಂಜೆ ಕೋಟು ಹಾಕಿ ಬಾ."

ಕೋಟು ಇರಲಿಲ್ಲ. ಮೊಯ್ದೀನಬ್ಬನವರು ತಮ್ಮ ದರ್ಜಿಯಲ್ಲಿ ಹೊಲಿಸಿದರು. ಹೊಲಿದು ಬಂದದ್ದೇ ಮಹಡಿಯ ಮೇಲೆ ಅಣಕು ಸಂದರ್ಶನ ಆರಂಭವಾಯಿತು. ಸಂದರ್ಶನದ ಅಂಕ ಕೇಂದ್ರ ಸೇವೆಗಳಿಗೆ ಮುನ್ನೂರು. ಮೊದಲು ಅದರಲ್ಲಿ ಇಷ್ಟಾದರೂ ಬರಲೇಬೇಕೆಂಬ ಕನಿಷ್ಠವಿತ್ತು, ಮೂರು ವರ್ಷದ ಹಿಂದೆ ಅದನ್ನು ತೆಗೆದಿದ್ದರು. ಆದರೂ ಒಂದೂವರೆ ಪತ್ರಿಕೆಯ ಭಾರ ಆ ಅರ್ಧ ಗಂಟೆಯ ಮಾತಿಗಿತ್ತು. ಜಮಾಲುದ್ದೀನ್, ರೊಸಾಲಿನ್ ಟೀಚರ್, ನಾನು ಮಂಡಳಿಯ ಸದಸ್ಯರು. ಮೊಯ್ದೀನಬ್ಬನವರು ಅಧ್ಯಕ್ಷರು, ಅವರು ಕನ್ನಡದಲ್ಲೇ ಕೇಳುತ್ತಿದ್ದರು.

"ಶುಂಠಿ ಮೂಟೆಯಲ್ಲಿ ಹುಳ ಉಂಟು. ವ್ಯಾಪಾರಿ ನಿನ್ನ ಸ್ನೇಹಿತನ ಅಪ್ಪ. ನೀನು ಆಫೀಸರು. ಎಂತ ಮಾಡ್ತಿ?"

"ಹುಳ ಉಂಟು ಅಂತ ಬರೀತೇನೆ."

"ಆಮೇಲೆ ಅವನ ಮನೆಗೆ ಊಟಕ್ಕೆ ಹೋಗ್ತಿಯಾ?"

"ಕರೆದ್ರೆ ಹೋಗ್ತೇನೆ."

"ಕರೆಯುವುದಿಲ್ಲ," ಎಂದು ಮೊಯ್ದೀನಬ್ಬನವರು ಗಂಭೀರವಾಗಿ ಹೇಳಿದರು. "ಆದ್ರೂ ಉತ್ತರ ಸರಿ."

ದೆಹಲಿಯಲ್ಲಿ ಐವರು ಕುಳಿತಿದ್ದರಂತೆ. ಕಠಿಣ ಪತ್ರಿಕೆ ಯಾಕೆ ಬರೆಯಲಿಲ್ಲ, ಐ.ಎ.ಎಸ್. ಬೇಡವೇ ಎಂದು ಕೇಳಿದರು. ಹಿಂದಿನ ವರ್ಷ ಬರೆದಿದ್ದೆ, ಅದನ್ನು ತಿದ್ದುವಷ್ಟು ಉಳಿದವುಗಳಲ್ಲಿ ನಾನು ಏರಿರಲಿಲ್ಲ, ಈ ವರ್ಷ ಉಳಿದವುಗಳನ್ನು ಸರಿಮಾಡಿಕೊಂಡೆ, ಎಂದ. ಒಬ್ಬರು ಅವನ ಊರು, ಮನೆಯ ಕಸುಬು ನೋಡಿ, "ನಿಮ್ಮ ಸೋದರಮಾವನ ದೋಣಿಯನ್ನು ತಪಾಸಣೆ ಮಾಡಬೇಕಾಗಿ ಬಂದರೆ?" ಎಂದು ಕೇಳಿದರು.

"ಮೊದಲು ಅವರು ನನ್ನನ್ನು ಬಯ್ಯುತ್ತಾರೆ, ಆಮೇಲೆ ದೋಣಿ ತೋರಿಸುತ್ತಾರೆ," ಎಂದ ದೇವದಾಸ್. "ದೋಣಿಯಲ್ಲಿ ಕಂಡದ್ದನ್ನು ವರದಿಯಲ್ಲಿ ಬರೆಯುತ್ತೇನೆ. ಬೈಗಳನ್ನು ಬರೆಯುವುದಿಲ್ಲ."

ಐವರಲ್ಲಿ ಮೂವರು ನಕ್ಕರು. ಉಳಿದ ಇಬ್ಬರ ಬಗ್ಗೆಯೇ ಅವನು ದಾರಿಯುದ್ದಕ್ಕೂ ಯೋಚಿಸುತ್ತ ಬಂದ.

ಫಲಿತಾಂಶದ ದಿನಗಳಲ್ಲಿ ಮದ್ರಾಸಿನ ಪತ್ರಿಕೆ ಬರುವ ರೈಲಿಗೆ ಜಮಾಲುದ್ದೀನ್ ದಿನಾ ನಿಲ್ದಾಣಕ್ಕೆ ಹೋಗುತ್ತಿದ್ದ. ಒಂದು ದಿನ ಅವನು ಪ್ರಯೋಗಶಾಲೆಗೆ ಬಂದು, ಹೂಜಿಯಿಂದ ನೀರು ಕುಡಿದು, ಸ್ಟೂಲಿನ ಮೇಲೆ ಕುಳಿತ.

"ಬೆಂಗ್ರೆಯಲ್ಲಿ ದೇವದಾಸ್ ಅಂತ ಎಷ್ಟು ಜನ ಇದ್ದಾರೆ?"

"ಮೂವರು," ಎಂದ ದೇವದಾಸ್. "ಯಾಕೆ?"

"ಇಂಡಿಯಾದಲ್ಲಿ ಒಬ್ಬ ಪಾಸಾಗಿದ್ದಾನೆ. ನಿನ್ನ ನಂಬರು ಹೇಳು, ಅವನು ನೀನೇ ಹೌದಾ ನೋಡುವ."

ದೇವದಾಸನಿಗೆ ತನ್ನ ನಂಬರು ಬಾಯಿಗೆ ಬರಲಿಲ್ಲ. ಅದನ್ನು ಹೇಳಿದ್ದು ಜಮಾಲುದ್ದೀನ್‌ನೇ, ತನ್ನ ನೆನಪಿನಿಂದ, ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿಯಾಗಿ. ಕೇಂದ್ರ ಸೇವೆಗಳ ಕೆಳಗೆ, ಕಸ್ಟಮ್ಸ್ ಮತ್ತು ಅಬಕಾರಿ ಎಂಬ ತಲೆಬರಹದಡಿ, ದೇವದಾಸನ ಹೆಸರು. ನಾನು ಕೈಯಲ್ಲಿದ್ದ ಲೋಲಕವನ್ನು ಎಲ್ಲಿಟ್ಟೆನೋ ನೆನಪಿಲ್ಲ. ಆ ದಿನ ಅದು ಸಿಗಲಿಲ್ಲ. ಮೂವರೂ ಬಂದರಿನವರೆಗೆ ನಡೆದೆವೋ ಓಡಿದೆವೋ, ಅದೂ ನೆನಪಿಲ್ಲ.

ಬೆಂಗ್ರೆಯ ದಡದಲ್ಲಿ ಸುದ್ದಿ ನಮಗಿಂತ ಮೊದಲು ಓಡಿತು. ದೂಮಪ್ಪನವರು ಕೈಯಲ್ಲಿದ್ದ ದಾರದ ಉಂಡೆ ಕೆಳಗಿಟ್ಟು ಎದ್ದು ನಿಂತರು.

"ಕಲೆಕ್ಟರ್ ಆದೆಯಾ?"

"ಇಲ್ಲ ಮಾಮ. ಕಸ್ಟಮ್ಸ್."

"ಕಸ್ಟಮ್ಸಾ?" ದಡದಲ್ಲಿ ಆ ಖಾಕಿ ಟೋಪಿಯವರನ್ನು ನೋಡಿ ಯಾರೂ ಸಂತೋಷಪಟ್ಟದ್ದಿಲ್ಲ. "ನಮ್ಮ ದೋಣಿ ತಡಕುವವರನ್ನು ಇಷ್ಟು ವರ್ಷ ನಾವೇ ಮೀನು ಹಾಕಿ ಸಾಕಿದ್ದಾ?"

ಮೊದಲು ನಕ್ಕದ್ದು ಅಪ್ಪಿಯಮ್ಮ. ಆಮೇಲೆ ಎಲ್ಲರೂ. ದೂಮಪ್ಪನವರು ಅಳಿಯನ ಹೆಗಲು ಹಿಡಿದು ಒಮ್ಮೆ ಬಲವಾಗಿ ಅಲ್ಲಾಡಿಸಿ ಬಿಟ್ಟರು. ಅಪ್ಪಿಯಮ್ಮ ಪತ್ರಿಕೆ ಕೇಳಿ ತೆಗೆದುಕೊಂಡು, ಹೆಸರು ಯಾವುದೆಂದು ಜಮಾಲುದ್ದೀನ್‌ನಿಂದ ತೋರಿಸಿಕೊಂಡು, ಆಮೇಲೆ ಅವನನ್ನೇ ಕೇಳಿದರು: "ನಿನ್ನದು ಎಲ್ಲಿ ಉಂಟು ಮಗಾ?"

"ನನ್ನದು ಮುಂದಿನ ಪೇಪರಿನಲ್ಲಿ ಅಮ್ಮ."

ಮುಂದಿನ ವರ್ಷಗಳಲ್ಲಿ ದೇವದಾಸ್ ಕಲ್ಕತ್ತಾ, ವಿಶಾಖಪಟ್ಟಣ, ಕೊಚ್ಚಿ ಬಂದರುಗಳಲ್ಲಿ ಕೆಲಸ ಮಾಡಿದ. ಅವನ ಮೊದಲ ಸಹಿ ಬಿದ್ದದ್ದು ಯಾವ ಹಡಗಿನ ಕಾಗದಕ್ಕೆ ಎಂಬುದೂ ನನಗೆ ಗೊತ್ತು, ಅವನು ಬರೆದು ತಿಳಿಸಿದ್ದ. ಅಂಕಪಟ್ಟಿ ಬಂದಾಗ ಅವನ ಪ್ರಬಂಧಕ್ಕೆ ತೊಂಬತ್ತಮೂರು, ಜಮಾಲುದ್ದೀನ್‌ನ ಬಿಡುವಿಗೆ ತೊಂಬತ್ತೆಂಟು ಇತ್ತು. ಈ ಐದು ಅಂಕದ ವಿಷಯವನ್ನು ಜಮಾಲುದ್ದೀನ್ ಇವತ್ತಿಗೂ ಬಿಡುವುದಿಲ್ಲ. ಆದರೆ ನನಗೆ ಹೆಚ್ಚು ನೆನಪಿರುವುದು ಫಲಿತಾಂಶದ ಆ ಸಂಜೆ. ಬೆಂಗ್ರೆಯಲ್ಲಿ ಚಹಾ, ಅವಲಕ್ಕಿ, ಗದ್ದಲ ಎಲ್ಲ ಮುಗಿಯುವ ಮೊದಲೇ ದೇವದಾಸ್ ಎದ್ದು ದೋಣಿಯ ಕಡೆ ನಡೆದ. ಎಲ್ಲಿಗೆಂದು ಯಾರೋ ಕೇಳಿದರು. ಫಳ್ನೀರಿಗೆ ಎಂದ.

ಮಹಡಿಯ ಮೇಲೆ ದೀಪ ಹಚ್ಚಿ ಮೂವರೂ ಕುಳಿತೆವು. ಜಮಾಲುದ್ದೀನ್ ಅವನನ್ನು ದುರುಗುಟ್ಟಿ ನೋಡಿದ.

"ನಿನ್ನದು ಆಯ್ತಲ್ಲ. ಇವತ್ತಾದ್ರೂ ಮನೆಯಲ್ಲಿ ಕೂತ್ಕೊಳ್ಳಬಾರ್ದಾ?"

"ನಿನಗೆ ಇನ್ನೂ ವಯಸ್ಸು ಉಂಟಲ್ಲ," ಎಂದ ದೇವದಾಸ್, ಬ್ರಿಟಿಷ್ ಚರಿತ್ರೆಯ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು. "ಎಲ್ಲಿ ಹರಿದದ್ದು ಅಂತ ತೋರಿಸು."